ರೈಯರ್ಸನ್‌ನ ಸಭೆಗಳಿಗೆ ಯಾರು ಬಂದಿದ್ದರು?

ಶಾಲಾ ಶಿಕ್ಷಣದ ಸುಧಾರಣೆಗೆ ಕೈಹಾಕುವ ಸರ್ಕಾರಗಳು ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸುವುದು ವಾಡಿಕೆ. ಹೀಗೆ ಬಂದ ಅಭಿಪ್ರಾಯಗಳು ಕಾನೂನಿನ ರೂಪ ತಾಳುತ್ತವೆಯೋ, ಕಡತಗಳಲ್ಲೇ ಉಳಿಯುತ್ತವೆಯೋ ಎಂಬ ಕುತೂಹಲ ನನ್ನನ್ನು ಎಗರ್ಟನ್ ರೈಯರ್ಸನ್‌ನ ಜೀವನದತ್ತ ಎಳೆಯಿತು. ಕೆನಡಾದ ಇಂದಿನ ಆಂಟೇರಿಯೊ ಪ್ರಾಂತ್ಯದ ಸರ್ಕಾರಿ ಶಾಲಾ ವ್ಯವಸ್ಥೆಯನ್ನು ಕಟ್ಟಿದವನು ಆತ. ಟೊರಾಂಟೊದಲ್ಲಿ ಆತನ ಹೆಸರು ಹೊತ್ತಿದ್ದ ವಿಶ್ವವಿದ್ಯಾಲಯವು 2022ರಲ್ಲಿ ಆ ಹೆಸರನ್ನು ಕೈಬಿಟ್ಟಿತು.

ರೈಯರ್ಸನ್ ಹುಟ್ಟಿದ್ದು 1803ರಲ್ಲಿ, ಈರಿ ಸರೋವರದ ಉತ್ತರ ದಂಡೆಯ ನಾರ್ಫೋಕ್ ಸೀಮೆಯಲ್ಲಿ. ತಂದೆ ಬ್ರಿಟಿಷ್ ದೊರೆತನಕ್ಕೆ ನಿಷ್ಠನಾಗಿದ್ದ ಆಂಗ್ಲಿಕನ್. ಮಗ ಹದಿನೆಂಟರ ಹರೆಯದಲ್ಲಿ ಮೆಥಡಿಸ್ಟ್ ಪಂಥ ಸೇರಿದಾಗ ಮನೆಯಿಂದ ಹೊರಬೀಳಬೇಕಾಯಿತು. ಆ ಕಾಲದಲ್ಲಿ ಪ್ರಾಂತ್ಯದ ಭೂಮಿಯ ಏಳನೆಯ ಒಂದು ಭಾಗವನ್ನು ಪ್ರಾಟೆಸ್ಟೆಂಟ್ ಪಾದ್ರಿಗಳಿಗಾಗಿ ಮೀಸಲಿಡಲಾಗಿತ್ತು. ಅದು ತನಗೇ ಸೇರಬೇಕೆಂಬುದು ಆಂಗ್ಲಿಕನ್ ಚರ್ಚಿನ ಹಟ. 1826ರಲ್ಲಿ ಆ ಚರ್ಚಿನ ಪ್ರಬಲ ನಾಯಕ ಜಾನ್ ಸ್ಟ್ರಾಕನ್‌ಗೆ ಪತ್ರಿಕೆಯ ಮೂಲಕ ಖಾರವಾದ ಉತ್ತರ ಬರೆದು ಈ ತರುಣ ಹೆಸರಾದ. 1829ರಲ್ಲಿ ಮೆಥಡಿಸ್ಟರ ಪತ್ರಿಕೆಯ ಮೊದಲ ಸಂಪಾದಕನಾದ, 1841ರಲ್ಲಿ ವಿಕ್ಟೋರಿಯಾ ಕಾಲೇಜಿನ ಮೊದಲ ಪ್ರಾಂಶುಪಾಲನಾದ. 1844ರಲ್ಲಿ ಸರ್ಕಾರ ಆತನನ್ನು ಪ್ರಾಂತ್ಯದ ಶಿಕ್ಷಣದ ಮುಖ್ಯಸ್ಥನನ್ನಾಗಿ ನೇಮಿಸಿತು. ಮುಂದಿನ 32 ವರ್ಷ ಆತ ಆ ಕುರ್ಚಿ ಬಿಡಲಿಲ್ಲ.

ನೇಮಕವಾದ ಕೂಡಲೇ ಯೂರೋಪಿಗೆ ಹೊರಟು, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಶಾಲೆಗಳನ್ನು ನೋಡಿ ಬಂದ. ಆತನ ವರದಿಯ ಬೆನ್ನಿಗೆ 1846ರ ಶಾಲಾ ಕಾಯ್ದೆ ಬಂತು. 1847ರಲ್ಲಿ ಟೊರಾಂಟೊದಲ್ಲಿ ನಾರ್ಮಲ್ ಸ್ಕೂಲ್ ತೆರೆಯಿತು. ಶಿಕ್ಷಕರ ತರಬೇತಿ ಶಾಲೆಯನ್ನು ನಮ್ಮ ಹಿರಿಯರೂ ಇದೇ ಹೆಸರಿನಿಂದ ಕರೆಯುತ್ತಿದ್ದರು. ವಿರೋಧವೂ ತಡವಾಗಲಿಲ್ಲ. ಗೋರ್ ಜಿಲ್ಲೆಯ ಪರಿಷತ್ತು, ಪ್ರಷ್ಯಾದಿಂದ ತಂದ ಈ ಪದ್ಧತಿ ಸ್ವತಂತ್ರ ಪ್ರಜೆಗಳಿಗೆ ಸಲ್ಲದೆಂದು ವಾದಿಸಿ, ಕಾಯ್ದೆಯನ್ನೇ ರದ್ದುಪಡಿಸುವಂತೆ ಮನವಿ ಸಲ್ಲಿಸಿತು.

ಇಂಥ ಸಂದರ್ಭದಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಕಚೇರಿಯ ಬಾಗಿಲು ಮುಚ್ಚಿಕೊಳ್ಳುತ್ತಾರೆ. ರೈಯರ್ಸನ್ 1847ರ ಶರತ್ಕಾಲದಲ್ಲಿ ಜಿಲ್ಲೆಗಳ ಪ್ರವಾಸಕ್ಕೆ ಹೊರಟ. ಪ್ರಾಂತ್ಯಕ್ಕೆ ಇನ್ನೂ ಉಗಿಬಂಡಿ ಬಂದಿರಲಿಲ್ಲ. ಜಿಲ್ಲೆ ಜಿಲ್ಲೆಯಲ್ಲೂ ಸಭೆ ಕರೆದು ಶಾಲಾ ಸಮಿತಿಯ ಸದಸ್ಯರು, ಶಿಕ್ಷಕರು, ಪಾದ್ರಿಗಳು, ಪರಿಷತ್ತಿನ ಸದಸ್ಯರ ಮುಂದೆ ಕಾಯ್ದೆಯನ್ನು ವಿವರಿಸಿದ, ಆಕ್ಷೇಪಣೆಗಳನ್ನು ಆಲಿಸಿದ. 1853, 1860, 1866 ಮತ್ತು 1869ರಲ್ಲೂ ಇದೇ ಬಗೆಯ ಪ್ರವಾಸ ಕೈಗೊಂಡ. ಟೀಕೆಯನ್ನು ಸಹಿಸುವ ಸ್ವಭಾವ ಆತನದಲ್ಲ. ಸಭೆಗಳಲ್ಲಿ ಕೇಳಿದ್ದಕ್ಕಿಂತ ಒಪ್ಪಿಸಲು ಆಡಿದ್ದೇ ಹೆಚ್ಚಿರಬಹುದು ಎಂಬುದು ನನ್ನ ಗುಮಾನಿ. ಆದರೂ ಬೇಸಾಯಗಾರರ ಎದುರು ನಿಂತು ಉತ್ತರ ಹೇಳಬೇಕಾದ ಸ್ಥಿತಿಯನ್ನು ಆತ ತಾನಾಗಿಯೇ ತಂದುಕೊಂಡ ಎಂಬುದನ್ನು ಮರೆಯಬಾರದು.

ದೊಡ್ಡ ಜಗಳ ನಡೆದದ್ದು ಶುಲ್ಕದ ವಿಚಾರದಲ್ಲಿ. ಆಸ್ತಿಯ ಮೇಲೆ ತೆರಿಗೆ ಹಾಕಿ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಬೇಕೆಂಬುದು ರೈಯರ್ಸನ್‌ನ ನಿಲುವು. ಊರವರ ಮಕ್ಕಳ ಓದಿಗೆ ತಾವೇಕೆ ಹಣ ಕೊಡಬೇಕೆಂದು ಮಕ್ಕಳಿಲ್ಲದ ಭೂಮಾಲೀಕರು ಕೇಳಿದರು. ಟೊರಾಂಟೊ ನಗರ ಪರಿಷತ್ತು ತೆರಿಗೆ ವಿಧಿಸಲು ಒಪ್ಪದೆ 1848ರಲ್ಲಿ ಅಲ್ಲಿನ ಶಾಲೆಗಳು ಒಂದು ವರ್ಷ ಮುಚ್ಚಿದ್ದವು. 1849ರಲ್ಲಿ ತನ್ನ ವ್ಯವಸ್ಥೆಯನ್ನು ಬುಡಮೇಲು ಮಾಡುವ ಕಾಯ್ದೆಯೊಂದು ಅಂಗೀಕಾರವಾದಾಗ ರೈಯರ್ಸನ್ ರಾಜೀನಾಮೆಗೆ ಮುಂದಾದ. ಸರ್ಕಾರ ಆ ಕಾಯ್ದೆಯನ್ನೇ ಬದಿಗಿರಿಸಿತು. ಬಳಿಕ ಬಂದ 1850ರ ಕಾಯ್ದೆ ಜಾಣತನದ್ದು. ಶಾಲೆಯನ್ನು ತೆರಿಗೆಯಿಂದ ನಡೆಸಬೇಕೋ, ಶುಲ್ಕದಿಂದಲೋ, ವಂತಿಗೆಯಿಂದಲೋ ಎಂಬುದನ್ನು ಆಯಾ ಶಾಲಾ ವಲಯದ ಜನರೇ ವಾರ್ಷಿಕ ಸಭೆಯಲ್ಲಿ ತೀರ್ಮಾನಿಸಬೇಕು ಎಂದಿತು ಅದು. ಪ್ರತಿ ವರ್ಷವೂ ಹಳ್ಳಿಹಳ್ಳಿಯಲ್ಲಿ ಚರ್ಚೆ. ಇಪ್ಪತ್ತು ವರ್ಷಗಳಲ್ಲಿ ಬಹುಪಾಲು ವಲಯಗಳು ತಾವಾಗಿಯೇ ಉಚಿತ ಶಾಲೆಯನ್ನು ಆರಿಸಿಕೊಂಡವು. 1871ರಲ್ಲಿ ಶಾಸನಸಭೆ ಇಡೀ ಪ್ರಾಂತ್ಯದಲ್ಲಿ ಶುಲ್ಕ ರದ್ದುಪಡಿಸಿ, 7ರಿಂದ 12 ವರ್ಷದ ಮಕ್ಕಳು ವರ್ಷಕ್ಕೆ ನಾಲ್ಕು ತಿಂಗಳಾದರೂ ಕಲಿಯಬೇಕೆಂದು ವಿಧಿಸಿತು. ಇಷ್ಟು ತಾಳ್ಮೆಯಿಂದ ಜನಮತವನ್ನು ಹಣ್ಣಾಗಲು ಬಿಟ್ಟ ಸುಧಾರಕರನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ಅದೇ 1850ರ ಕಾಯ್ದೆಯಲ್ಲಿ ಕಪ್ಪು ಜನರಿಗೆ ಪ್ರತ್ಯೇಕ ಶಾಲೆ ತೆರೆಯಲು ಅವಕಾಶವಿತ್ತು. ಅವರು ಬಯಸಿದರೆ ಎಂಬುದು ಕಾಗದದ ಮೇಲಿನ ಮಾತು. ಸಾಮಾನ್ಯ ಶಾಲೆಯಿಂದ ಅವರ ಮಕ್ಕಳನ್ನು ಹೊರಗಿಡಲು ಬಿಳಿಯರು ಅದನ್ನೇ ಬಳಸಿಕೊಂಡರು. ಆಂಟೇರಿಯೊದಲ್ಲಿ ಇಂಥ ಕೊನೆಯ ಶಾಲೆ ಮುಚ್ಚಿದ್ದು 1965ರಲ್ಲಿ. ಸ್ಥಳೀಯ ಬಹುಸಂಖ್ಯಾತರ ಕೈಗೆ ತೀರ್ಮಾನ ಕೊಡುವ ಪದ್ಧತಿಯ ಇನ್ನೊಂದು ಮುಖ ಇದು.

ಮೂಲನಿವಾಸಿಗಳ ವಿಷಯ ಇದಕ್ಕಿಂತ ಘೋರ. ಮೊದಲ ಜಿಲ್ಲಾ ಪ್ರವಾಸಕ್ಕೆ ಕೆಲವೇ ತಿಂಗಳ ಹಿಂದೆ, 1847ರ ಮೇ ತಿಂಗಳಲ್ಲಿ, ಮೂಲನಿವಾಸಿಗಳ ಇಲಾಖೆಯ ಕೋರಿಕೆಯಂತೆ ರೈಯರ್ಸನ್ ಒಂದು ವರದಿ ಬರೆದುಕೊಟ್ಟ. ಅವರ ಮಕ್ಕಳನ್ನು ವಸತಿಶಾಲೆಯಲ್ಲಿರಿಸಿ ಇಂಗ್ಲಿಷ್, ಕ್ರೈಸ್ತ ಧರ್ಮ ಮತ್ತು ಬೇಸಾಯದ ದುಡಿಮೆ ಕಲಿಸಬೇಕೆಂಬುದು ಅದರ ಸಾರ. ಆಡಳಿತ ಸರ್ಕಾರ ಮತ್ತು ಚರ್ಚುಗಳ ಕೈಯಲ್ಲಿರಬೇಕು. ಬಿಳಿಯ ಬೇಸಾಯಗಾರನಿಗೆ ಶಾಲಾ ಸಮಿತಿಯನ್ನು ಆರಿಸುವ ಹಕ್ಕು ಬೇಕೆಂದವನು, ಇಲ್ಲಿ ತಂದೆತಾಯಿಗೆ ಅಂಥದೊಂದು ಸಮಿತಿಯನ್ನು ಕಲ್ಪಿಸಲಿಲ್ಲ. ಅಜ್ಞಾನ ಎನ್ನುವಂತೆಯೂ ಇಲ್ಲ. ತಾರುಣ್ಯದಲ್ಲಿ ಆತ ಕ್ರೆಡಿಟ್ ನದಿಯ ದಂಡೆಯ ಮೂಲನಿವಾಸಿಗಳ ನಡುವೆ ಧರ್ಮಪ್ರಚಾರಕನಾಗಿದ್ದವನು, ಅವರ ಒಜಿಬ್ವೆ ಭಾಷೆ ಕಲಿತವನು, ಅವರ ನಾಯಕ ಪೀಟರ್ ಜೋನ್ಸ್‌ನ ಗೆಳೆಯ.

ರೈಯರ್ಸನ್ 1876ರಲ್ಲಿ ನಿವೃತ್ತನಾಗಿ 1882ರಲ್ಲಿ ತೀರಿಕೊಂಡ. ಕೆನಡಾದ ಕೇಂದ್ರ ಸರ್ಕಾರ ವಸತಿಶಾಲೆಗಳ ಜಾಲವನ್ನು ಹಬ್ಬಿಸಿದ್ದು ಆಮೇಲೆ. ಅದನ್ನು ಆತನೇ ಕಟ್ಟಿದನೆನ್ನುವುದು ತಪ್ಪು ಎನ್ನುವ ಇತಿಹಾಸಕಾರರ ವಾದದಲ್ಲಿ ಹುರುಳಿದೆ. ಆದರೆ 1898ರಲ್ಲಿ ಅದೇ ಇಲಾಖೆ ಆತನ ವರದಿಯನ್ನು ಹುಡುಕಿ ಮತ್ತೆ ಅಚ್ಚು ಹಾಕಿಸಿತು ಎಂಬುದೂ ನಿಜ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಆ ಶಾಲೆಗಳಲ್ಲಿ ತಮ್ಮ ಮನೆಯವರಿಂದ ದೂರ ಬೆಳೆದರು; ಸಾವಿರಾರು ಮಕ್ಕಳು ಹಿಂದಿರುಗಲೇ ಇಲ್ಲ. ಸತ್ಯಶೋಧನಾ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಅದನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು.

ನಾರ್ಮಲ್ ಸ್ಕೂಲಿನ ಆವರಣದಲ್ಲಿ 1889ರಲ್ಲಿ ರೈಯರ್ಸನ್‌ನ ಪ್ರತಿಮೆ ಸ್ಥಾಪಿಸಿದ್ದರು. ಮುಂದೆ ವಿಶ್ವವಿದ್ಯಾಲಯ ಬೆಳೆದದ್ದು ಅದೇ ನೆಲದಲ್ಲಿ. ಕ್ಯಾಮ್‌ಲೂಪ್ಸ್‌ನ ಹಳೆಯ ವಸತಿಶಾಲೆಯ ಆವರಣದಲ್ಲಿ ಗುರುತಿಲ್ಲದ ಸಮಾಧಿಗಳಿರಬಹುದೆಂಬ ಸುದ್ದಿ ಬಂದ ಕೆಲವೇ ದಿನಗಳಲ್ಲಿ, 2021ರ ಜೂನ್ 6ರಂದು, ಪ್ರತಿಭಟನಕಾರರು ಆ ಪ್ರತಿಮೆಯನ್ನು ಉರುಳಿಸಿದರು. ಅದನ್ನು ಮತ್ತೆ ನಿಲ್ಲಿಸುವುದಿಲ್ಲವೆಂದು ವಿಶ್ವವಿದ್ಯಾಲಯ ಪ್ರಕಟಿಸಿತು.