ಎಸ್.ಆರ್. ರಂಗನಾಥನ್: ಬೆಂಗಳೂರಿನ ವರ್ಷಗಳು ಮತ್ತು ಆಳ ವರ್ಗೀಕರಣ

ತಮಿಳುನಾಡಿನ ಶಿಯಾಳಿಯಲ್ಲಿ 1892ರಲ್ಲಿ ಜನಿಸಿದ ಎಸ್.ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣವು ವಿಷಯಗಳಿಗೆ ಸಿದ್ಧ ಸಂಖ್ಯೆಗಳನ್ನು ನೀಡುವುದರ ಬದಲು, ವಿಷಯವನ್ನು ಘಟಕಗಳಾಗಿ ಬಿಡಿಸಿ ಮರಳಿ ಜೋಡಿಸುವ ಕ್ರಮವನ್ನು ಮುಂದಿಟ್ಟಿತು.

1957ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಅವರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಪುಸ್ತಕಕ್ಕೆ ಕಪಾಟಿನಲ್ಲಿ ಸ್ಥಾನ ಸೂಚಿಸುವ ವರ್ಗೀಕರಣವು ಸಂಶೋಧಕರಿಗೆ ಬೇಕಾದ ಬಿಡಿ ಲೇಖನವನ್ನು ಗುರುತಿಸಲಾರದೆಂಬುದು ಅವರ ಮುಂದಿದ್ದ ಸಮಸ್ಯೆಯಾಗಿತ್ತು. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಮರಗಳ ಎಲೆರೋಗವನ್ನು ಬೇಸಿಗೆಯಲ್ಲಿ ನಿಯಂತ್ರಿಸುವುದನ್ನು ಕುರಿತ ಲೇಖನವೊಂದನ್ನು ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಸ್ಥೂಲ ಪಟ್ಟಿಯಲ್ಲಿ ಅದು ಅರಣ್ಯಶಾಸ್ತ್ರವೆಂಬ ಒಂದೇ ಶೀರ್ಷಿಕೆಯಡಿ ಮರೆಯಾಗುತ್ತದೆ. ಆಳ ವರ್ಗೀಕರಣದಲ್ಲಿ ಮರ, ಎಲೆ, ರೋಗ, ನಿಯಂತ್ರಣ, ಸ್ಥಳ, ಕಾಲ ಎಂಬ ಪ್ರತಿಯೊಂದು ಮುಖವೂ ವರ್ಗಸಂಖ್ಯೆಯಲ್ಲಿ ಸ್ಥಾನ ಪಡೆಯುತ್ತದೆ. ಕೇಂದ್ರದ ವಿದ್ಯಾರ್ಥಿಗಳು ವಿಶಿಷ್ಟ ವಿಷಯಗಳಿಗೆ ಇಂತಹ ಪಟ್ಟಿಗಳನ್ನು ರಚಿಸಿದರು.

ಆದರೆ ವಿವರ ಹೆಚ್ಚಿದಂತೆ ಸಂಖ್ಯೆಯೂ ದೀರ್ಘವಾಗುತ್ತಿತ್ತು. ಬಹುಪಾಲು ಗ್ರಂಥಾಲಯಗಳು ಡ್ಯೂಯಿಯವರ ದಶಮಾಂಶ ಪದ್ಧತಿಯಲ್ಲಿಯೇ ಉಳಿದವು. 1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಅವರು ಬೆಂಗಳೂರಿನಲ್ಲಿ ನಿಧನರಾದಾಗ ಕೋಲನ್ ವರ್ಗೀಕರಣದ ಏಳನೆಯ ಆವೃತ್ತಿ ಇನ್ನೂ ಪ್ರಕಟವಾಗಿರಲಿಲ್ಲ, ಎಂ.ಎ. ಗೋಪಿನಾಥ್ ಅವರ ಸಂಪಾದಕತ್ವದಲ್ಲಿ ಅದು 1987ರಲ್ಲಿ ಹೊರಬಂದಿತು. ಆದರೂ 1952ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧನ ತಂಡವು ಇದೇ ಮುಖವಿಶ್ಲೇಷಣೆಯನ್ನು ಆಧಾರವಾಗಿಟ್ಟುಕೊಂಡು ವಿಶಿಷ್ಟ ವಿಷಯಗಳ ಪದ್ಧತಿಗಳನ್ನು ರಚಿಸಿತು. ಅವರ ಸಂಖ್ಯೆಗಳಿಗಿಂತ, ವಿಷಯವನ್ನು ಬಿಡಿಸಿ ನೋಡುವ ಅವರ ವಿಧಾನವೇ ಹೆಚ್ಚು ಕಾಲ ಬಾಳಿತೆನ್ನಬಹುದು.