ಮೊಮೊತಾರೊವಿನ ಬುತ್ತಿ

ಮಕ್ಕಳಿರಾ, ಜಪಾನಿನ ಎಳೆಯರೆಲ್ಲರೂ ಬಲ್ಲ ಕಥಾನಾಯಕನೊಬ್ಬನುಂಟು. ಮೊಮೊತಾರೊ ಎಂಬುದು ಅವನ ಹೆಸರು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಗೆ ದೊರೆತ ಹಿರಿದಾದ ಪೀಚ್ ಹಣ್ಣಿನೊಳಗಿಂದ ಜನಿಸಿ, ಸಂತಾನವಿಲ್ಲದ ಆ ವೃದ್ಧದಂಪತಿಗಳ ಮಡಿಲಲ್ಲಿ ಬೆಳೆದು ಬಲಿಷ್ಠನಾದ ಈ ಬಾಲಕನು, ಜನರನ್ನು ಪೀಡಿಸುತ್ತಿದ್ದ ರಾಕ್ಷಸರನ್ನು ಅವರ ದ್ವೀಪದಲ್ಲಿಯೇ ದಮನಮಾಡಲು ಹೊರಟಾಗ, ಅವನೊಡನೆ ಇದ್ದ ಬುತ್ತಿಯೇ ಕಿಬಿದಾಂಗೊ, ಎಂದರೆ ಬರಗಿನ ಉಂಡೆ. ದಾರಿಯಲ್ಲಿ ಎದುರಾದ ನಾಯಿ, ಕೋತಿ, ನೀಳಬಾಲದ ಕಿಜಿಪಕ್ಷಿ ಆ ಉಂಡೆಯನ್ನು ಬೇಡಿ ತಿಂದು ಅವನ ಸಹಚರರಾದುವು. ಕೆಲವು ಪಾಠಾಂತರಗಳಲ್ಲಿ ಅವನು ಕೊಡುವುದು ಇಡೀ ಉಂಡೆಯನ್ನಲ್ಲ, ಅರ್ಧವನ್ನು ಮಾತ್ರ. ನನಗಾದರೋ ಈ ಪಾಠವೇ ಹೆಚ್ಚು ಪ್ರಿಯ: ಉಳಿದರ್ಧವನ್ನು ತಾನು ತಿಂದಾಗಲ್ಲವೆ ನಾಯಕನು ಒಡನುಣ್ಣುವ ಗೆಳೆಯನಾಗುವುದು!

ಈ ತಿನಿಸಿನ ತವರು ಹೊನ್ಶೂ ದ್ವೀಪದ ಪಶ್ಚಿಮದಲ್ಲಿ, ಸೆತೊ ಒಳಗಡಲಿನ ತೀರದಲ್ಲಿರುವ ಒಕಾಯಾಮ. ಪ್ರಾಚೀನರ ಕಿಬಿದೇಶದ ಮುಖ್ಯಭಾಗ. ಅಲ್ಲಿ, 1425ರಲ್ಲಿ ಪುನರ್ನಿರ್ಮಿತವಾದ ಕಿಬಿತ್ಸು ದೇಗುಲದಲ್ಲಿ ಪೂಜೆಗೊಳ್ಳುವ ಕಿಬಿತ್ಸುಹಿಕೊ ಎಂಬ ರಾಜಕುಮಾರನು ಉರನೆಂಬ ದೈತ್ಯನನ್ನು ಜಯಿಸಿದನೆಂಬ ಐತಿಹ್ಯವಿರುವುದರಿಂದ, ಆತನೇ ಮೊಮೊತಾರೊವಿನ ಮೂಲಪುರುಷನೆಂದು ಆ ನಾಡಿನವರು ಅಭಿಮಾನದಿಂದ ಹೇಳುವರು. ಕಥೆಯನ್ನು ತಮ್ಮದೆನ್ನುವ ಊರುಗಳು ಬೇರೆಯೂ ಇವೆ.

ಹೆಸರು ಬರಗಿನದಾದರೂ ಇಂದಿನ ಕಿಬಿದಾಂಗೊವಿನಲ್ಲಿ ಪ್ರಧಾನವಾದುದು ಅಂಟುಗುಣದ ಅಕ್ಕಿಯ ಹಿಟ್ಟು. ಅದಕ್ಕೆ ಸಕ್ಕರೆಯನ್ನೂ ಪಿಷ್ಟದಿಂದಾದ ಪಾಕವನ್ನೂ ಕೂಡಿಸಿ, ಕಾಯಿಸಿ ನಾದಿ ಹದಕ್ಕೆ ತಂದು, ಬರಗಿನ ಹಿಟ್ಟನ್ನು ಅಷ್ಟಿಷ್ಟು ಬೆರೆಸಿ, ತುತ್ತಿಗೊಂದರಂತೆ ಚಪ್ಪಟೆಗುಂಡಗೆ ಮಾಡುವರು. ನಮ್ಮ ತಂಬಿಟ್ಟಿನಂತೆ ಬಾಯಲ್ಲಿ ಪುಡಿಯಾಗದೆ, ಮೆತ್ತಗೆ ಅಂಟಿಕೊಂಡು ಮೆಲ್ಲನೆ ಕರಗುವುದು ಇದರ ಗುಣ. ಕರ್ನಾಟಕದ ಒಣಸೀಮೆಯಲ್ಲಿ ಬೆಳೆಯುವ ಬರಗೂ ಇದೇ ಧಾನ್ಯ. ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದರೆ ತೋರಿಸಿಯಾರು.

ಒಕಾಯಾಮದ ಪ್ರಸಿದ್ಧ ಕಿಬಿದಾಂಗೊ ಅಂಗಡಿಯಾದ ಕೊಎಯ್ದೊ 1856ರಲ್ಲಿ ಸ್ಥಾಪಿತವಾಯಿತು. 1891ರಲ್ಲಿ ಆ ಊರಿಗೆ ರೈಲು ಬಂದಮೇಲೆ ಪ್ರಯಾಣಿಕರು ಮನೆಯವರಿಗೆಂದು ಈ ಉಂಡೆಗಳನ್ನು ಕೊಂಡೊಯ್ಯತೊಡಗಿದರು. 1894-95ರ ಚೀನಾ ಯುದ್ಧದಿಂದ ಮರಳಿದ ಸೈನಿಕರಿಗೆ ಅಂಗಡಿಯ ಯಜಮಾನರು ಮೊಮೊತಾರೊವಿನ ವೇಷ ತೊಟ್ಟು ಉಂಡೆಗಳನ್ನು ಮಾರಿದರಂತೆ. ವ್ಯಾಪಾರ ಇದರಿಂದ ಬೆಳೆಯಿತು, ನಿಜ. ಆದರೆ ಮಕ್ಕಳ ಕಥೆಯೊಂದು ಯುದ್ಧದ ವಿಜಯೋತ್ಸಾಹಕ್ಕೆ ವಿನಿಯೋಗವಾದುದು ನನ್ನ ಮನಸ್ಸಿಗೆ ಒಪ್ಪದು. ಈಗಿನ ಪೆಟ್ಟಿಗೆಗಳ ಮೇಲಾದರೋ ಇರುವುದು ಚಿತ್ರಪುಸ್ತಕಗಳ ಕರ್ತೃ ಗೋಮಿ ತಾರೊ ಬರೆದ ಮುದ್ದಾದ ಚಿತ್ರಗಳು, ಮತ್ತು ಸಾದಾ ಉಂಡೆಯಲ್ಲದೆ ಕಪ್ಪುಸಕ್ಕರೆಯ, ಹುರಿದ ಸೋಯಾಹಿಟ್ಟಿನ, ಆ ಸೀಮೆಯ ಹೆಮ್ಮೆಯಾದ ಬಿಳಿಪೀಚಿನ ಬಗೆಗಳೂ ಅಲ್ಲಿ ದೊರೆಯುವುವು.