ದೇವಾಲಯಗಳ ವೈದ್ಯ ವಿಯೊಲೆ-ಲೆ-ದುಕ್

2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ. ಪ್ಯಾರಿಸ್ ನಗರದ ನೋತ್ರ್ ದಾಮ್ ಪ್ರಧಾನಾಲಯಕ್ಕೆ ಬೆಂಕಿ ಬಿತ್ತು. ಅದರ ಶಿಖರ ಉರಿದು ಕುಸಿದುದನ್ನು ಜಗತ್ತೇ ಟಿವಿಯಲ್ಲಿ ಕಂಡು ಮರುಗಿತು. ಎಂಟುನೂರು ವರ್ಷಗಳ ಶಿಖರ ಹೋಯಿತೆಂದು ಅನೇಕರು ತಿಳಿದರು. ದೇವಾಲಯದ ಕೆಲಸ 1163ರಲ್ಲಿ ಆರಂಭವಾದುದು ನಿಜ. ಆದರೆ ಬಿದ್ದ ಶಿಖರ 1859ರದು. ಅದನ್ನು ಕಟ್ಟಿಸಿದವರು ಯೂಜೀನ್ ವಿಯೊಲೆ-ಲೆ-ದುಕ್ ಎಂಬ ವಾಸ್ತುಶಿಲ್ಪಿ.

ಇವರು ಪ್ಯಾರಿಸ್‌ನಲ್ಲಿ 1814ರ ಜನವರಿ 27ರಂದು ಜನಿಸಿದರು. ಹೆಸರಾಂತ ಕಲಾಶಾಲೆಗೆ ಸೇರಲು ಒಪ್ಪದೆ ಊರೂರು ಸುತ್ತಿ, ಹಳೆಯ ಕಟ್ಟಡಗಳ ಚಿತ್ರ ಬರೆಯುತ್ತಲೇ ವಿದ್ಯೆ ಕಲಿತರು. ಗ್ರೀಕ್ ಮತ್ತು ರೋಮನ್ ಮಾದರಿಗಳೇ ಶ್ರೇಷ್ಠವೆಂದು ಗುರುಗಳು ಬೋಧಿಸುತ್ತಿದ್ದ ಕಾಲದಲ್ಲಿ, ಈ ತರುಣನ ಮನಸ್ಸು ಮಧ್ಯಯುಗದ ದೇವಾಲಯಗಳಿಗೆ ಒಲಿದಿತ್ತು.

1840ರಲ್ಲಿ ವೆಜ್ಲೆ ಎಂಬ ಊರಿನ ಮಗ್ದಲದ ಮರಿಯಳ ದೇವಾಲಯವನ್ನು ಉಳಿಸುವ ಹೊಣೆ ಅವರ ಹೆಗಲಿಗೆ ಬಂತು. ಸ್ಮಾರಕಗಳ ಮೇಲ್ವಿಚಾರಕರಾಗಿದ್ದ ಸಾಹಿತಿ ಪ್ರೋಸ್ಪೆರ್ ಮೆರಿಮೆ ಅವರೇ ಈ ಕೆಲಸವನ್ನು ವಹಿಸಿದವರು. ಆಗ ವಿಯೊಲೆ-ಲೆ-ದುಕ್ ಅವರಿಗೆ ಬರೀ 26 ವರ್ಷ. ಕಲ್ಲಿನ ಕಮಾನು ಛಾವಣಿಯ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿತ್ತು. ಕಟ್ಟಡ ಯಾವಾಗ ಬೀಳುವುದೋ ಎಂಬಂತಿತ್ತು. ಅವರು ಮೊದಲು ಒಳಗೆ ಮರದ ಆಸರೆ ಕೊಟ್ಟರು. ಕೆಟ್ಟುಹೋದ ಛಾವಣಿಯ ಭಾಗಗಳನ್ನು ಹಗುರವಾಗಿ ಮತ್ತೆ ಕಟ್ಟಿಸಿ, ಹೊರಗಿನಿಂದ ಗೋಡೆಗೆ ಆನಿಸುವ ಆಧಾರ ಕಮಾನುಗಳನ್ನು ಸರಿಪಡಿಸಿದರು. ದೇವಾಲಯ ಉಳಿಯಿತು, ಅವರ ಹೆಸರೂ ಬೆಳೆಯಿತು.

ಅಷ್ಟರಲ್ಲಿ ನೋತ್ರ್ ದಾಮ್ ದುಃಸ್ಥಿತಿಯಲ್ಲಿತ್ತು. ಅದರ ಹಳೆಯ ಶಿಖರವನ್ನು 18ನೆಯ ಶತಮಾನದ ಕೊನೆಯಲ್ಲಿ ಇಳಿಸಲಾಗಿತ್ತು. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಮುಂಭಾಗದ 28 ರಾಜರ ಪ್ರತಿಮೆಗಳನ್ನು ಫ್ರಾನ್ಸಿನ ದೊರೆಗಳೆಂದು ಭಾವಿಸಿ ಉರುಳಿಸಲಾಯಿತು. ಅವು ಬೈಬಲ್ಲಿನ ಯೂದಾಯದ ಅರಸರ ಪ್ರತಿಮೆಗಳಾಗಿದ್ದವು! 1831ರಲ್ಲಿ ವಿಕ್ಟರ್ ಹ್ಯೂಗೋ ಬರೆದ ಕಾದಂಬರಿ ಜನರ ಕಣ್ಣು ತೆರೆಸಿತು. 1844ರಲ್ಲಿ ವಿಯೊಲೆ-ಲೆ-ದುಕ್ ಮತ್ತು ಅವರ ಜೊತೆಗಾರ ಲಾಸ್ಯೂಸ್ ಅವರಿಗೆ ದುರಸ್ತಿಯ ಕೆಲಸ ಸಿಕ್ಕಿತು.

ದುರಸ್ತಿ ಮಾಡುವವನು ತನ್ನ ಅಭಿರುಚಿಯನ್ನು ಮರೆತು ತಾನು ಮರೆಯಾಗಬೇಕೆಂದು ಇಬ್ಬರೂ ಆರಂಭದಲ್ಲೇ ಬರೆದುಕೊಟ್ಟಿದ್ದರು. ಮಳೆನೀರನ್ನು ಗೋಡೆಯಿಂದ ದೂರ ಚಿಮ್ಮಿಸುವ ಕಲ್ಲಿನ ಬಾಯಿಗಳನ್ನು ಮತ್ತೆ ಇಡಿಸಿದರು, ರಾಜರ ಪ್ರತಿಮೆಗಳನ್ನು ಹೊಸದಾಗಿ ಕೆತ್ತಿಸಿದರು. 1857ರಲ್ಲಿ ಲಾಸ್ಯೂಸ್ ತೀರಿಕೊಂಡರು. ಒಬ್ಬಂಟಿಯಾಗಿ ಉಳಿದ ವಿಯೊಲೆ-ಲೆ-ದುಕ್ ಓಕ್ ಮರ ಮತ್ತು ಸೀಸದಿಂದ ಶಿಖರವನ್ನು ಹಳೆಯದಕ್ಕಿಂತ ಎತ್ತರವಾಗಿ, ತಮ್ಮದೇ ವಿನ್ಯಾಸದಲ್ಲಿ ನಿಲ್ಲಿಸಿದರು. ಅದರ ಬುಡದ ಸುತ್ತ ಹನ್ನೆರಡು ಮಂದಿ ಪ್ರೇಷಿತರ ಹಾಗೂ ನಾಲ್ವರು ಶುಭಸಂದೇಶಕಾರರ ಸಂಕೇತಗಳ ತಾಮ್ರದ ಪ್ರತಿಮೆಗಳು. ಇತರ ಪ್ರೇಷಿತರು ನಗರದ ಕಡೆ ನೋಡುತ್ತಿದ್ದರೆ, ಸಂತ ತೋಮಾಸರು ಮಾತ್ರ ಹಿಂತಿರುಗಿ ಶಿಖರವನ್ನೇ ದಿಟ್ಟಿಸುತ್ತಿದ್ದರು. ಅವರ ಮುಖ ಸ್ವತಃ ವಿಯೊಲೆ-ಲೆ-ದುಕ್ ಅವರದೇ!

ನಮ್ಮ ಭಾರತಕ್ಕೆ ಶುಭಸಂದೇಶ ತಂದರೆಂದು ನಾವು ನಂಬುವ ತೋಮಾಸರು ಕಟ್ಟಡ ಕಟ್ಟುವವರ ಪಾಲಕ ಸಂತರೂ ಹೌದು. ಆದರೂ ಮರೆಯಾಗಬೇಕೆಂದವರು ತಮ್ಮ ಮುಖವನ್ನೇ ಅಲ್ಲಿಟ್ಟದ್ದು ಸರಿಯೇ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಕಟ್ಟಡವನ್ನು ಅದು ಹಿಂದೆಂದೂ ಇದ್ದಿರದಷ್ಟು ಪೂರ್ಣರೂಪಕ್ಕೆ ತರುವುದೂ ಜೀರ್ಣೋದ್ಧಾರವೇ ಎಂದು ಅವರು ಮುಂದೆ ಬರೆದರು. ಹಳೆಯದನ್ನು ಹೀಗೆ ಹೊಸದಾಗಿಸುವುದೇ ಅದರ ನಾಶವೆಂದು ಇಂಗ್ಲೆಂಡಿನ ಜಾನ್ ರಸ್ಕಿನ್ ಸಾರಿದ್ದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಅವರ ಕೈ ಸೋಕದಿದ್ದರೆ ವೆಜ್ಲೆಯಂಥ ದೇವಾಲಯ ಇಂದು ಇರುತ್ತಿತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಅವರು ಧರ್ಮಾಚರಣೆಯಲ್ಲಿ ಆಸಕ್ತರೇನೂ ಆಗಿರಲಿಲ್ಲ. ಆದರೂ ತಮ್ಮ ಆಯುಷ್ಯದ ಬಹುಭಾಗವನ್ನು ದೇವರ ಮನೆಗಳಿಗೇ ಸವೆಸಿದರು. ಪ್ರತಿ ಕಲ್ಲಿನ ಕೆಲಸವನ್ನೂ ವಿವರಿಸಿ ಹತ್ತು ಸಂಪುಟಗಳ ವಾಸ್ತುಶಿಲ್ಪ ಕೋಶ ಬರೆದರು. ಕೊನೆಯ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪ್ರಧಾನಾಲಯದ ದುರಸ್ತಿಯಲ್ಲಿ ತೊಡಗಿದ್ದ ಅವರು, 1879ರ ಸೆಪ್ಟೆಂಬರ್ 17ರಂದು ಅದೇ ಊರಿನಲ್ಲಿ ಕಣ್ಮುಚ್ಚಿದರು.

ಬೆಂಕಿ ಬೀಳುವುದಕ್ಕೆ ನಾಲ್ಕೇ ದಿನ ಮೊದಲು, ಶಿಖರದ ಸುತ್ತಲ ಪ್ರತಿಮೆಗಳನ್ನು ದುರಸ್ತಿಗೆಂದು ಕ್ರೇನಿನಿಂದ ಇಳಿಸಲಾಗಿತ್ತು. ಹಾಗಾಗಿ ತೋಮಾಸರು ಉಳಿದರು. ಹೊಸ ಶಿಖರ ಹೇಗಿರಬೇಕೆಂಬ ಚರ್ಚೆ ನಡೆದು, ವಿಯೊಲೆ-ಲೆ-ದುಕ್ ಕಟ್ಟಿಸಿದ್ದಂತೆಯೇ ಇರಲೆಂದು 2020ರಲ್ಲಿ ತೀರ್ಮಾನವಾಯಿತು. 2024ರ ಡಿಸೆಂಬರಿನಲ್ಲಿ ದೇವಾಲಯದ ಬಾಗಿಲು ಮತ್ತೆ ತೆರೆದು ಬಲಿಪೂಜೆ ನಡೆಯಿತು.

ಪ್ರಿಯ ಓದುಗರೇ, ಹಿರಿಯರು ಕಟ್ಟಿದ ದೇವಾಲಯದಲ್ಲಿ ಬಿರುಕು ಕಂಡೊಡನೆ ಕೆಡವಿ ಹೊಸದು ಕಟ್ಟೋಣವೆನ್ನುವುದು ಸುಲಭ. ಎಲ್ಲಿ ನೀರು ಇಳಿಯುತ್ತಿದೆ, ಯಾವ ಗೋಡೆ ವಾಲಿದೆ ಎಂದು ತಾಳ್ಮೆಯಿಂದ ನೋಡಿ, ಬೇಕಾದಷ್ಟನ್ನೇ ಸರಿಪಡಿಸುವುದು ಕಷ್ಟ. ಆ ಕಷ್ಟದ ಕೆಲಸವನ್ನೇ ಆರಿಸಿಕೊಂಡವರು ಇವರು. ಅವರು ಎಲ್ಲಿ ಮಿತಿ ಮೀರಿದರು ಎಂಬುದರಿಂದಲೂ ನಾವು ಕಲಿಯುವುದಿದೆ.